ಬಳೆ ಬಿಗಿಯಾದಾಗ: ಸ್ತನದ ಆಪರೇಷನ್ ಆದಮೇಲೆ ಉಳಿಯುವ ನೋವಿಗೆ, ಕೈ ಊತಕ್ಕೆ ಏನು ಮಾಡಬೇಕು

2019ರ ಏಪ್ರಿಲ್. ಬೇಲೂರು ತೇರಿನಲ್ಲಿ ಬಳೆ ಇಡಿಸಿಕೊಳ್ಳಲು ಕೂತಿದ್ದೆ. ಬಳೆಗಾರಮ್ಮ ಎಡಗೈಗೆ ಎರಡೂ ಆರರ ಬಳೆಗಳನ್ನು ಸರಾಗವಾಗಿ ಏರಿಸಿದರು. ಬಲಗೈಗೆ ಬಂದಾಗ ಅದೇ ಅಳತೆಯ ಬಳೆ ಹೆಬ್ಬೆರಳ ಬುಡದಲ್ಲೇ ನಿಂತಿತು. ಸೋಪು ಹಚ್ಚಿ ಅಂಗೈ ಹಿಸುಕಿ ನೋಡಿದರು, ಎರಡು ಬಳೆ ಒಡೆದವು. "ಈ ಕೈ ಯಾಕಕ್ಕ ಹಿಂಗ್ ಊದ್ಕಂಡದೆ? ಇದ್ಕೆ ಎರಡೂ ಎಂಟೇ ಬೇಕು" ಅಂದರು. ಕ್ಯಾನ್ಸರಿಗಾಗಿ ಬಲಗಡೆಯ ಸ್ತನ ತೆಗೆದು, ಕಂಕುಳಿನ ಗಂಟುಗಳನ್ನೂ (ಲಿಂಫ್ ನೋಡ್) ತೆಗೆದು ಆಗ ನನಗೆ ಹದಿನಾಲ್ಕು ತಿಂಗಳಾಗಿತ್ತು. ಕೈ ಭಾರ ಅನ್ನಿಸುತ್ತಿತ್ತು, ತೋಳಿನ ಒಳಮೈ ಉರಿಯುತ್ತಿತ್ತು, ರವಿಕೆಯ ತೋಳು ಒಂದೇ ಕಡೆ ಬಿಗಿ ಹಿಡಿಯುತ್ತಿತ್ತು. ಇವೆಲ್ಲ ಒಂದಕ್ಕೊಂದು ಸೇರಿದ ಸಂಗತಿ ಅಂತ ಬಳೆ ಒಡೆಯುವವರೆಗೆ ನನಗೆ ಹೊಳೆದಿರಲಿಲ್ಲ.

ಮನೆಗೆ ಬಂದು ಹೇಳಿದರೆ, "ಜೀವ ಉಳೀತಲ್ಲ, ಕೈ ಒಂಚೂರು ದಪ್ಪ ಆದ್ರೆ ಏನಾಯ್ತು" ಅಂದರು ಮನೆಮಂದಿ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅವರೂ ಹೆದರಿ ಹಣ್ಣಾಗಿದ್ದರು. ಮುಂದಿನ ಚೆಕಪ್ಪಿನಲ್ಲಿ ಡಾಕ್ಟರೂ ಕೈ ಮುಟ್ಟದೆ "ಇದೆಲ್ಲ ಇದ್ದದ್ದೇ" ಅಂದರು. ನಾನು ಸುಮ್ಮನಾದೆ. ಇನ್ನೂ ಎಂಟು ತಿಂಗಳು ಹಾಗೇ ಹೋಯಿತು. ಆ ಎಂಟು ತಿಂಗಳು ನಿಮಗೆ ದಂಡವಾಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಆಲೂರು ಕಡೆ ಸಣ್ಣ ಕಾಫಿ ತೋಟ ಇರುವ ಮನೆಯವಳು. ಫಿಜಿಯೋಥೆರಪಿಯವರಿಂದ, ನೋವಿನ ಡಾಕ್ಟರಿಂದ ಕಲಿತದ್ದನ್ನು, ಕಲಿತು ದಿನಾ ಮಾಡುತ್ತಿರುವುದನ್ನು ಹೇಳುತ್ತೇನೆ.

ಊತ ಯಾಕೆ ಬರುತ್ತದೆ

ತೋಟ ಮಾಡುವವರಿಗೆ ಇದನ್ನು ವಿವರಿಸುವುದು ಸುಲಭ. ಅಡಿಕೆ ತೋಟದಲ್ಲಿ ಬಸಿಗಾಲುವೆ ಮುಚ್ಚಿಹೋದರೆ ನೀರು ಎಲ್ಲಿ ಹೋಗಬೇಕು? ಅಲ್ಲೇ ನಿಂತು ಬುಡ ಕೊಳೆಸುತ್ತದೆ. ನಮ್ಮ ಕೈಯಲ್ಲೂ ರಕ್ತನಾಳದಿಂದ ಹೊರಗೆ ಜಿನುಗಿದ ನೀರನ್ನು ಬಸಿದುಕೊಂಡು ಹೋಗುವ ಸಣ್ಣ ನಾಳಗಳಿವೆ. ಅವು ಕಂಕುಳಿನ ಗಂಟುಗಳ ಮೂಲಕ ಸೋಸಿ ಮತ್ತೆ ರಕ್ತಕ್ಕೆ ಸೇರಿಸುತ್ತವೆ. ಕ್ಯಾನ್ಸರ್ ಹರಡಿದೆಯೇ ನೋಡಲು, ಹರಡಿದ್ದರೆ ತೆಗೆಯಲು, ಆಪರೇಷನ್ನಿನಲ್ಲಿ ಈ ಗಂಟುಗಳನ್ನು ತೆಗೆಯುತ್ತಾರೆ. ಮೇಲೆ ರೇಡಿಯೇಷನ್ ಕೊಟ್ಟರೆ ಉಳಿದ ದಾರಿಯೂ ಗಡುಸಾಗುತ್ತದೆ. ಬಸಿಯಲಾಗದ ನೀರು ಕೈಯಲ್ಲಿ, ಕೆಲವರಿಗೆ ಎದೆಯ ಪಕ್ಕದಲ್ಲಿ, ಬೆನ್ನ ಕಡೆಗೂ ನಿಲ್ಲುತ್ತದೆ. ಇದಕ್ಕೆ ಲಿಂಫೆಡಿಮಾ ಅನ್ನುತ್ತಾರೆ. ಕಂಕುಳಿನ ಗಂಟುಗಳನ್ನು ಪೂರ್ತಿ ತೆಗೆಸಿಕೊಂಡ ಐವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಬರುತ್ತದೆ. ಒಂದೆರಡು ಗಂಟು ಮಾತ್ರ ತೆಗೆದು ಪರೀಕ್ಷಿಸಿದ್ದರೆ ಅದಕ್ಕಿಂತ ಬಹಳ ಕಡಿಮೆ. ಮೊದಲ ಎರಡು ಮೂರು ವರ್ಷಗಳಲ್ಲಿ ಬರುವುದು ಹೆಚ್ಚು, ಹತ್ತು ವರ್ಷದ ಮೇಲೆ ಬಂದವರೂ ಇದ್ದಾರೆ.

ಹಳ್ಳಿಯಲ್ಲಿ ಇದನ್ನು ನೋಡಿ ಆನೆಕಾಲು ರೋಗದ ಥರ ಅಂಟುತ್ತೆ ಅಂದುಕೊಳ್ಳುವವರಿದ್ದಾರೆ. ಇದು ಯಾರಿಗೂ ಅಂಟುವುದಿಲ್ಲ.

ಹೊಸದರಲ್ಲಿ ಊತ ಮೆತ್ತಗಿರುತ್ತದೆ. ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ, ರಾತ್ರಿ ಕೈ ಎತ್ತಿಟ್ಟು ಮಲಗಿದರೆ ಬೆಳಿಗ್ಗೆ ಇಳಿದಿರುತ್ತದೆ. ವರ್ಷಗಟ್ಟಲೆ ಬಿಟ್ಟರೆ ಚರ್ಮದಡಿ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಇಳಿಸುವುದು ಬಹಳ ಕಷ್ಟ. ಬೇಗ ಹಿಡಿಯಿರಿ ಅನ್ನುವುದು ಇದಕ್ಕೇ.

ಮೊದಲ ಕೆಲಸ: ಯಾವ ನೋವು ಅಂತ ಬೇರ್ಪಡಿಸಿ

"ಕೈ ನೋವು ಡಾಕ್ಟ್ರೇ" ಅಂದರೆ ಅವರೂ ಒಂದು ನೋವಿನ ಮಾತ್ರೆ ಬರೆದು ಕಳಿಸುತ್ತಾರೆ. ನಿಮ್ಮಲ್ಲಿ ಎರಡು ಮೂರು ಬಗೆಯ ನೋವು ಒಟ್ಟಿಗೇ ಇರಬಹುದು, ಒಂದೊಂದಕ್ಕೂ ಮದ್ದು ಬೇರೆ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಎಲ್ಲಿ, ಹೇಗೆ, ಯಾವ ಹೊತ್ತಿಗೆ, ಏನು ಮಾಡಿದ ಮೇಲೆ, ಸೊನ್ನೆಯಿಂದ ಹತ್ತರಲ್ಲಿ ಎಷ್ಟು.

ತೋಳಿನ ಒಳಮೈ, ಕಂಕುಳು, ಎದೆಯ ಗಾಯದ ಸುತ್ತ ಉರಿ, ಕರೆಂಟು ಹೊಡೆದಂತೆ ಚುಳುಕು, ಜೊತೆಗೆ ಮರಗಟ್ಟಿದ ಭಾವ ಇದ್ದರೆ ಅದು ನರದ ನೋವು. ಕಂಕುಳಿನಲ್ಲಿ ಹಾದುಹೋಗುವ ಇಂಟರ್‌ಕಾಸ್ಟೋಬ್ರೇಕಿಯಲ್ ಎಂಬ ನರ ಆಪರೇಷನ್ನಿನಲ್ಲಿ ಜಗ್ಗುವುದು, ಕತ್ತರಿಸಿಹೋಗುವುದು ಸಾಮಾನ್ಯ. ಮೂರು ತಿಂಗಳು ದಾಟಿಯೂ ಉಳಿದರೆ ಅದನ್ನು ದೀರ್ಘಕಾಲದ ನೋವು ಅಂತಲೇ ಎಣಿಸಿ ಚಿಕಿತ್ಸೆ ಕೊಡಬೇಕು. ಇಲ್ಲದ ಸ್ತನವೇ ನೋಯುವುದೂ ಈ ಜಾತಿಯದು. ನನಗೂ ಆಗಿದೆ, ತಲೆ ಕೆಟ್ಟಿದೆಯೇನೋ ಅಂತ ಯಾರಿಗೂ ಹೇಳಿರಲಿಲ್ಲ. ತಲೆ ಕೆಟ್ಟಿರುವುದಿಲ್ಲ, ನರ ಇನ್ನೂ ಸುದ್ದಿ ಕಳಿಸುತ್ತಿರುತ್ತದೆ ಅಷ್ಟೆ.

ಕೈ ಎತ್ತಿದಾಗ ಕಂಕುಳಿನಿಂದ ಮೊಣಕೈವರೆಗೆ ಚರ್ಮದಡಿ ಹುರಿ ಎಳೆದು ಕಟ್ಟಿದಂತೆ ಕಂಡರೆ, ಅದು ಆಪರೇಷನ್ ಆದ ಕೆಲವು ವಾರಗಳಲ್ಲಿ ಬರುವ ತೊಂದರೆ. ಮೆಲ್ಲಗೆ ಎಳೆದು ಚಾಚುವ ವ್ಯಾಯಾಮದಿಂದ ಬಹುತೇಕರಿಗೆ ಕೆಲವು ತಿಂಗಳಲ್ಲಿ ಬಿಡುತ್ತದೆ. ಭುಜ ಗಡುಸಾಗಿ ಕೈ ಹಿಂದಕ್ಕೇ ಹೋಗದಿದ್ದರೆ ಭುಜದ ಚಿಕಿತ್ಸೆ ಬೇಕು. ನೋವಿಗಿಂತ ಭಾರ, ಬಿಗಿ ಹೆಚ್ಚು ಅನ್ನಿಸಿದರೆ ಊತದ್ದು. ಬೆಳಿಗ್ಗೆ ಎದ್ದಾಗ ಎರಡೂ ಕೈಯ ಬೆರಳು, ಮಂಡಿ ಹಿಡಿದುಕೊಂಡಿದ್ದರೆ, ನೀವು ಕ್ಯಾನ್ಸರ್ ಮರಳದಿರಲಿ ಅಂತ ಕೊಡುವ ಲೆಟ್ರೋಜೋಲ್ ಅಥವಾ ಅನಾಸ್ಟ್ರೋಜೋಲ್ ಮಾತ್ರೆ ನುಂಗುತ್ತಿದ್ದರೆ, ಅದು ಆ ಮಾತ್ರೆಯದೂ ಇರಬಹುದು. ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ. ಡಾಕ್ಟರಿಗೆ ಹೇಳಿದರೆ ಬದಲಾಯಿಸಿ ನೋಡುತ್ತಾರೆ.

ಎರಡನೆಯದು: ಟೇಪು ಹಿಡಿದು ಅಳೆಯಿರಿ

ಟೈಲರ್ ಟೇಪು ಒಂದು ಸಾಕು. ನಾನು ಸೋಮವಾರ ಬೆಳಿಗ್ಗೆ, ಕೆಲಸ ಶುರುಮಾಡುವ ಮುಂಚೆ ಅಳೆಯುತ್ತೇನೆ. ಯಾವ ದಿನವಾದರೂ ಆಗಲಿ, ಹೊತ್ತು ಒಂದೇ ಇರಬೇಕು, ಸಂಜೆಯ ಕೈ ಬೆಳಗಿನದಕ್ಕಿಂತ ದಪ್ಪವಿರುತ್ತದೆ. ನಾಲ್ಕು ಜಾಗ: ಹೆಬ್ಬೆರಳು ಬಿಟ್ಟು ಅಂಗೈ ಸುತ್ತ, ಮಣಿಕಟ್ಟು, ಮೊಣಕೈನಿಂದ 10 ಸೆಂಟಿಮೀಟರ್ ಕೆಳಗೆ, 10 ಸೆಂಟಿಮೀಟರ್ ಮೇಲೆ. ಬಾಲ್‌ಪೆನ್ನಿನಿಂದ ಚುಕ್ಕೆ ಇಟ್ಟುಕೊಳ್ಳಿ. ಟೇಪು ಚರ್ಮಕ್ಕೆ ತಾಗಬೇಕು, ಚರ್ಮ ಒತ್ತಬಾರದು. ಎರಡೂ ಕೈ ಅಳೆಯಿರಿ, ತಾರೀಖಿನ ಜೊತೆ ಬರೆಯಿರಿ.

ಬಲಗೈ ರೂಢಿಯವರಿಗೆ ಬಲಗೈ ಮೊದಲೇ ತುಸು ದಪ್ಪ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಯಾವುದೇ ಜಾಗದಲ್ಲಿ ಎರಡು ಕೈಗಳ ವ್ಯತ್ಯಾಸ 2 ಸೆಂಟಿಮೀಟರ್ ಮುಟ್ಟಿದರೆ, ಅಥವಾ ಎರಡು ಮೂರು ವಾರ ಬಿಡದೆ ಏರುತ್ತಿದ್ದರೆ ತಡಮಾಡದೆ ತೋರಿಸಿ. ಆಪರೇಷನ್ ಇನ್ನೂ ಆಗಬೇಕಾದವರು ಇದನ್ನು ಓದುತ್ತಿದ್ದರೆ ಇವತ್ತೇ ಅಳೆದು ಬರೆದಿಟ್ಟುಕೊಳ್ಳಿ. ನನ್ನ ಹತ್ತಿರ ಆ ಮೊದಲ ಅಳತೆ ಇರಲಿಲ್ಲ, ಅದರಿಂದ ಎಷ್ಟು ಊದಿದೆ ಅಂತ ತೀರ್ಮಾನಿಸಲೇ ಕಷ್ಟವಾಯಿತು.

ಇವಿಷ್ಟಕ್ಕೆ ಕಾಯಬೇಡಿ

ಕೈ ಇದ್ದಕ್ಕಿದ್ದಂತೆ ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ಚಳಿಜ್ವರ ಬಂದರೆ ಅದು ಸೋಂಕು. ಅವತ್ತೇ, ಭಾನುವಾರವಾದರೂ, ಆಸ್ಪತ್ರೆಗೆ ಹೋಗಿ ಆಂಟಿಬಯೋಟಿಕ್ ಶುರುಮಾಡಿಸಬೇಕು. ಪ್ರತಿ ಸೋಂಕೂ ಉಳಿದ ನಾಳಗಳನ್ನು ಹಾಳುಮಾಡಿ ಊತ ಹೆಚ್ಚಿಸುತ್ತದೆ. ಜ್ವರ ಬಿಟ್ಟಿತು ಅಂತ ಮಾತ್ರೆ ಅರ್ಧಕ್ಕೆ ಬಿಡಬೇಡಿ, ಸೋಂಕು ಇಳಿಯುವವರೆಗೆ ನೀವುವುದನ್ನೂ ವ್ಯಾಯಾಮವನ್ನೂ ನಿಲ್ಲಿಸಿ.

ಒಂದೆರಡು ದಿನದಲ್ಲೇ ಕೈ ದಿಢೀರನೆ ಊದಿ ನೀಲಿಗಟ್ಟಿದರೆ ರಕ್ತ ಹೆಪ್ಪುಗಟ್ಟಿರಬಹುದು. ಕ್ಯಾನ್ಸರ್ ಮರಳದಿರಲಿ ಅಂತಲೇ ಕೊಡುವ ಇನ್ನೊಂದು ಮಾತ್ರೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರಿಗೆ ಆ ಅಪಾಯ ಸ್ವಲ್ಪ ಹೆಚ್ಚು. ಜೊತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಫೋನ್ ಮಾಡಿ. ಗಾಯದ ಹತ್ತಿರ, ಕಂಕುಳಿನಲ್ಲಿ, ಕತ್ತಿನ ಬುಡದಲ್ಲಿ ಹೊಸ ಗಂಟು, ಬೆನ್ನುಮೂಳೆಯಲ್ಲಿ ರಾತ್ರಿ ನಿದ್ದೆ ಕೆಡಿಸುವ ಹೊಸ ನೋವು, ಕೈಯ ಬಲವೇ ಕುಂದುವುದು, ಇವನ್ನು "ಆಪರೇಷನ್ ನೋವು" ಅಂತ ತಳ್ಳಿಹಾಕದೆ ಕ್ಯಾನ್ಸರ್ ಡಾಕ್ಟರಿಗೇ ತೋರಿಸಬೇಕು.

ಊತ ಇಳಿಸುವುದು, ಇಳಿದದ್ದನ್ನು ಉಳಿಸಿಕೊಳ್ಳುವುದು

ಚಿಕಿತ್ಸೆ ಎರಡು ಹಂತದ್ದು. ಮೊದಲು ಕೆಲವು ವಾರ, ತರಬೇತಿ ಪಡೆದ ಫಿಜಿಯೋಥೆರಪಿಯವರು ಚರ್ಮವನ್ನು ಹಗುರವಾಗಿ ನೀವಿ ನೀರನ್ನು ಬೇರೆ ದಾರಿಗೆ ತಿರುಗಿಸುತ್ತಾರೆ, ಪದರ ಪದರವಾಗಿ ಬ್ಯಾಂಡೇಜ್ ಸುತ್ತುತ್ತಾರೆ, ವ್ಯಾಯಾಮ ಮಾಡಿಸುತ್ತಾರೆ. ಊತ ಇಳಿದಮೇಲೆ ಬಿಗಿ ತೋಳುಚೀಲ, ಅಂದರೆ ಕಂಪ್ರೆಷನ್ ಸ್ಲೀವ್, ಹಾಕಿ ಕಾಪಾಡಿಕೊಳ್ಳುವುದು ನಮ್ಮ ಕೆಲಸ.

ನೀವುವುದು ಅಂದೆ, ಅದು ನಮ್ಮ ಕಡೆ ಬಾಣಂತಿಗೆ ಎಣ್ಣೆ ಹಚ್ಚಿ ತಿಕ್ಕುವಂಥದ್ದಲ್ಲ. ಮಲಗಿದ ಮಗುವಿನ ಕೆನ್ನೆ ಸವರುವಷ್ಟು ಹಗುರ. ನಮ್ಮತ್ತೆ ಪ್ರೀತಿಯಿಂದಲೇ ಬಿಸಿ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿ, ಮೇಲೆ ಉಪ್ಪಿನ ಗಂಟಿನ ಶಾಖ ಕೊಟ್ಟರು. ಮಾರನೆಯ ದಿನ ಕೈ ಇನ್ನಷ್ಟು ಊದಿತ್ತು. ಶಾಖ ರಕ್ತದ ಹರಿವನ್ನು ಹೆಚ್ಚಿಸುತ್ತದೆ, ಆ ಹೆಚ್ಚುವರಿ ನೀರು ಬಸಿಯಲು ದಾರಿಯೇ ಇಲ್ಲವಲ್ಲ. ಮೂತ್ರ ಹೆಚ್ಚಿಸುವ ಮಾತ್ರೆಯೂ ಈ ಊತಕ್ಕೆ ನಾಟುವುದಿಲ್ಲ. ನೀರು ಕುಡಿಯುವುದನ್ನು ಕಡಿಮೆ ಮಾಡಿದರೂ ಉಪಯೋಗವಿಲ್ಲ.

ಸ್ಲೀವನ್ನು ಅಂದಾಜಿನ ಮೇಲೆ ಕೊಳ್ಳಬೇಡಿ. ಊತ ಇಳಿದಮೇಲೆ ಕೈಯ ಅಳತೆ ಕೊಟ್ಟು, ಎಷ್ಟು ಬಿಗಿಯದು ಬೇಕು ಅಂತ ಫಿಜಿಯೋಥೆರಪಿಯವರಿಂದ ಬರೆಸಿಕೊಂಡೇ ತರಿಸಿ. ನನ್ನ ಮೊದಲ ಸ್ಲೀವು ಮಣಿಕಟ್ಟಿಗೇ ಮುಗಿಯುತ್ತಿತ್ತು, ನೀರೆಲ್ಲ ಅಂಗೈಗೆ ಇಳಿದು ಬೆರಳು ಬದನೆಕಾಯಿಯಂತಾದವು. ಅಂಗೈ ಊತ ಇರುವವರಿಗೆ ಕೈಗವಸೂ ಸೇರಿದ್ದು ಬೇಕಾಗುತ್ತದೆ.

ಹಾಕುವುದಕ್ಕೆ ಒಂದು ಉಪಾಯವಿದೆ. ಕೈ ಪೂರ್ತಿ ಒಣಗಿರಬೇಕು, ತುಸು ಪೌಡರ್ ಸವರಿಕೊಳ್ಳಿ. ಇನ್ನೊಂದು ಕೈಗೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು, ಸ್ಲೀವನ್ನು ಅಂಗೈಯಿಂದ ಇಂಚಿಂಚಾಗಿ ಮೇಲೆ ಸವರಿಕೊಂಡು ಹೋಗಿ. ಉಗುರಿನಿಂದ ಜಗ್ಗಿದರೆ ದಾರ ಹರಿಯುತ್ತದೆ. ಎಲ್ಲೂ ಸುಕ್ಕು ನಿಲ್ಲಬಾರದು, ಮೇಲಿನ ಅಂಚನ್ನು ಮಡಿಸಬಾರದು. ಮಡಿಸಿದ ಜಾಗ ದಾರ ಬಿಗಿದಂತೆ ಹಿಡಿಯುತ್ತದೆ. ಬೆಳಿಗ್ಗೆ ಹಾಕಿ, ಮಲಗುವಾಗ ತೆಗೆಯಿರಿ, ಫಿಜಿಯೋಥೆರಪಿಯವರು ಬೇರೆ ಹೇಳಿದ್ದರೆ ಅವರು ಹೇಳಿದಂತೆ. ದಿನಾ ಮೆತ್ತನೆಯ ಸೋಪಿನಲ್ಲಿ ಒಗೆದು, ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಒಣಗಿಸಿ. ಮಳೆಗಾಲದಲ್ಲಿ ನಮ್ಮಲ್ಲಿ ಎರಡು ದಿನವಾದರೂ ಒಣಗುವುದಿಲ್ಲ, ಒಲೆ ಮೇಲೆ ಹರವಿದರೆ ರಬ್ಬರ್ ಸತ್ತುಹೋಗುತ್ತದೆ. ಹಾಗಾಗಿ ಎರಡು ಬೇಕು. ಆರು ತಿಂಗಳಿಗೆ ಅದರ ಬಿಗಿ ಸಡಿಲವಾಗುತ್ತದೆ, ಬದಲಾಯಿಸಬೇಕು. ಬೆರಳು ಜೋಮು ಹಿಡಿದರೆ, ಬಣ್ಣ ಬದಲಾದರೆ ತಕ್ಷಣ ತೆಗೆಯಿರಿ.

ಕೈಯನ್ನು ಮೂಲೆಗೆ ಕೂರಿಸಬೇಡಿ

ಒಂದು ಕಾಲದಲ್ಲಿ ಆ ಕೈಯಲ್ಲಿ ಒಂದು ಕೆಜಿಯನ್ನೂ ಎತ್ತಬೇಡಿ ಅನ್ನುತ್ತಿದ್ದರು. 2009ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನದಲ್ಲಿ, ಊತ ಇರುವ ಹೆಂಗಸರು ಮೇಲ್ವಿಚಾರಣೆಯಲ್ಲಿ ನಿಧಾನವಾಗಿ ತೂಕ ಏರಿಸಿಕೊಂಡು ಎತ್ತಿದಾಗ ಊತ ಹೆಚ್ಚಲಿಲ್ಲ, ತೊಂದರೆಗಳು ಕಡಿಮೆಯಾದವು. ಸ್ನಾಯು ಬಿಗಿದು ಸಡಿಲವಾಗುವುದೇ ನೀರನ್ನು ಮೇಲಕ್ಕೆ ತಳ್ಳುವ ಪಂಪು.

ನಾನು ಮಾಡುವುದು ಇಷ್ಟು. ಸ್ಲೀವ್ ಹಾಕಿಕೊಂಡು ಕೂತು, ಹೊಟ್ಟೆ ಉಬ್ಬುವಂತೆ ಐದು ದೀರ್ಘ ಉಸಿರು. ಭುಜ ಹಿಂದಕ್ಕೆ ಹತ್ತು ಸುತ್ತು. ಕೈ ಎತ್ತರಕ್ಕಿಟ್ಟು ಮುಷ್ಟಿ ಬಿಗಿದು ಬಿಡುವುದು ಇಪ್ಪತ್ತು ಸಲ. ಮೊಣಕೈ ಮಡಿಸಿ ಚಾಚುವುದು. ಆಮೇಲೆ ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಜೇಡದಂತೆ ಮೇಲೆ ನಡೆಸುವುದು. ಅಡುಗೆಮನೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಇದೆ. ಮೊದಲ ಗೆರೆ ನನ್ನ ಗಲ್ಲದ ಎತ್ತರಕ್ಕಿತ್ತು, ಈಗಿನದು ಸಾಂಬಾರ್ ಪುಡಿ ಡಬ್ಬದ ಸ್ಟ್ಯಾಂಡಿನ ಹತ್ತಿರ. ತೂಕಕ್ಕೆ ಅರ್ಧ ಕೆಜಿ ಸಕ್ಕರೆ ಪೊಟ್ಟಣದಿಂದ ಶುರುಮಾಡಿದೆ. ಮಾರನೆಯ ದಿನವೂ ಕೈ ಭಾರವಿದ್ದರೆ ಹಿಂದಿನ ತೂಕಕ್ಕೆ ಇಳಿಯುತ್ತೇನೆ. ದಿನಾ ಅರ್ಧ ಗಂಟೆ ನಡೆಯುವುದೂ ಸೇರಿಸಿ, ಮೈತೂಕ ಹೆಚ್ಚಾದಷ್ಟೂ ಊತ ಹೆಚ್ಚು.

ಮನೆಗೆಲಸ, ತೋಟದ ಕೆಲಸ

ಆಸ್ಪತ್ರೆಯಲ್ಲಿ "ಕೈಗೆ ಶ್ರಮ ಕೊಡಬೇಡಿ" ಅಂತ ಹೇಳಿ ಕಳಿಸುತ್ತಾರೆ. ಹಾಸನ ಕಡೆಯ ಹೆಂಗಸಿಗೆ ಹಾಗಂದರೆ ಏನರ್ಥ? ದಿನಾ ಮುದ್ದೆ ಆಗಬೇಕು. ಮುದ್ದೆ ತಿರುವುವುದರಲ್ಲಿ ಕೈಗೆ ಆಗದ ಮೂರೂ ಇವೆ: ಬಲ, ಬಿಸಿ, ಒಂದೇ ಚಲನೆ. ನಾನು ಎಂಟು ಮುದ್ದೆಯ ಹಿಟ್ಟನ್ನು ಒಟ್ಟಿಗೆ ಹಾಕುವುದು ಬಿಟ್ಟೆ, ನಾಲ್ಕು ನಾಲ್ಕರಂತೆ ಎರಡು ಸಲ. ಪಾತ್ರೆಯನ್ನು ಒಲೆಯಿಂದ ನೆಲಕ್ಕಿಳಿಸಿ, ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ಮೈಭಾರ ಬಿಟ್ಟು ತಿರುವಿದರೆ ಭುಜಕ್ಕೆ ಕಡಿಮೆ ಬೀಳುತ್ತದೆ. ಎರಡನೆಯ ಸಲದ್ದನ್ನು ಈಗ ಮಗ ತಿರುವುತ್ತಾನೆ. ಗಂಟಾಗುತ್ತದೆ, ತಿನ್ನುತ್ತೇವೆ.

ಬಿಂದಿಗೆಯನ್ನು ಆ ಕಡೆಯ ಸೊಂಟಕ್ಕೆ ಬೇಡ, ಅರ್ಧ ಬಿಂದಿಗೆ ಎರಡು ಸಲ ತನ್ನಿ. ಭಾರದ ಬ್ಯಾಗನ್ನು ಆ ಭುಜಕ್ಕೆ ನೇತುಹಾಕಬೇಡಿ. ಬಿಗಿ ಬಳೆ, ಉಂಗುರ ಬೇಡ, ರವಿಕೆಯ ತೋಳನ್ನು ಒಂದಿಂಚು ಬಿಡಿಸಿ. ತರಕಾರಿ ಹೆಚ್ಚುವಾಗ, ಮೀನು ಮಾಡುವಾಗ ಗ್ಲೌಸ್ ಇರಲಿ.

ಕಾಫಿ ಕೊಯ್ಲಿಗೆ ಹೋಗುವವರು ಇನ್ನೂ ಎಚ್ಚರವಾಗಿರಬೇಕು. ನವೆಂಬರ್‌ನಿಂದ ಫೆಬ್ರವರಿ, ಮಾರ್ಚ್‌ವರೆಗೆ ಗಿಡದ ರೆಂಬೆ ಬಗ್ಗಿಸಿ ಬಗ್ಗಿಸಿ ಕೈ ಮೇಲೇ ಇರುತ್ತದೆ, ಗೀರು ಬೀಳುತ್ತದೆ, ಚಗಳಿ ಇರುವೆ ಕಚ್ಚುತ್ತದೆ. ಗಂಡಸರ ತುಂಬುತೋಳಿನ ಹಳೇ ಶರಟು ಮೇಲೆ ಹಾಕಿ. ಕುಕ್ಕೆಯ ಹಗ್ಗ ಆಪರೇಷನ್ ಆದ ಕಡೆಯ ಭುಜದ ಮೇಲೆ ಬರದಂತೆ ಸೊಂಟಕ್ಕೆ ಕಟ್ಟಿಕೊಳ್ಳಿ. ಅರ್ಧ ಗಂಟೆಗೊಮ್ಮೆ ಕೈ ಎತ್ತಿ ಹತ್ತು ಸಲ ಮುಷ್ಟಿ ಬಿಗಿಯಿರಿ. ಗೀರಾಗಲಿ, ಇರುವೆ ಕಚ್ಚಿದ್ದಾಗಲಿ, ಜಿಗಣೆ ಹಿಡಿದದ್ದಾಗಲಿ, ಅಲ್ಲೇ ಸೋಪಿನಲ್ಲಿ ತೊಳೆದು ಆಂಟಿಸೆಪ್ಟಿಕ್ ಹಚ್ಚಿ, ಎರಡು ದಿನ ನೋಡುತ್ತಿರಿ. ರಾತ್ರಿ ಸ್ಲೀವ್ ತೆಗೆದಮೇಲೆ ಕೊಬ್ಬರಿ ಎಣ್ಣೆಯನ್ನೋ ಕ್ರೀಮನ್ನೋ ಮೆಲ್ಲಗೆ ಸವರಿದರೆ ಚರ್ಮ ಬಿರಿಯುವುದಿಲ್ಲ.

ಬಿಪಿ, ಇಂಜೆಕ್ಷನ್ನಿಗೆ ಇನ್ನೊಂದು ಕೈ ಕೊಡುವುದು ರೂಢಿ, ಹಾಗೇ ಮಾಡಿ. ತುರ್ತಿನಲ್ಲಿ ಈ ಕೈಗೇ ಚುಚ್ಚಬೇಕಾಗಿ ಬಂದರೆ ಅದಕ್ಕಾಗಿ ಚಿಕಿತ್ಸೆ ತಡಮಾಡುವಷ್ಟು ಹೆದರಬೇಡಿ.

ನರದ ನೋವಿಗೆ

ಮಾಮೂಲಿ ನೋವಿನ ಮಾತ್ರೆ ನರದ ಉರಿಗೆ ಅಷ್ಟಾಗಿ ಹತ್ತುವುದಿಲ್ಲ, ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಕಿಡ್ನಿಗೆ ಕೇಡು. ಇದಕ್ಕೆ ಕೊಡುವ ಔಷಧಿ ಬೇರೆ: ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್. ಡಾಕ್ಟರು ಸಣ್ಣ ಡೋಸಿನಿಂದ ಶುರುಮಾಡಿ ನಿಧಾನಕ್ಕೆ ಏರಿಸುತ್ತಾರೆ. ಮೊದಲ ವಾರ ಮಂಪರು, ಬಾಯಿ ಒಣಗುವುದು ಇರುತ್ತದೆ. ಗುಣ ಕಾಣಲು ಎರಡು ಮೂರು ವಾರ ಬೇಕು. ಅಷ್ಟರಲ್ಲಿ ಬಿಟ್ಟುಬಿಡಬೇಡಿ, ಆಮೇಲೂ ಒಮ್ಮೆಲೇ ನಿಲ್ಲಿಸಬೇಡಿ. ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ಹೇಳಿ: ಮನಸ್ಸಿನ ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್, ಪ್ಯಾರಾಕ್ಸೆಟಿನ್ ಅದರ ಕೆಲಸವನ್ನು ತಗ್ಗಿಸುತ್ತವೆ, ನರದ ನೋವಿಗೂ ಕೊಡುವ ಡುಲಾಕ್ಸೆಟಿನ್ ಕೂಡ ಸ್ವಲ್ಪ ಮಟ್ಟಿಗೆ. ಹಚ್ಚುವ, ಅಂಟಿಸುವ ಔಷಧಿಗಳಿವೆ, ತೀರಾ ಆಗದವರಿಗೆ ನರಕ್ಕೆ ಇಂಜೆಕ್ಷನ್ನೂ ಇದೆ.

ಮನೆಯಲ್ಲಿ ಮಾಡುವಂಥದ್ದೂ ಒಂದಿದೆ, ನನಗೆ ಮಾತ್ರೆಯಷ್ಟೇ ಕೆಲಸ ಮಾಡಿದೆ. ನನ್ನ ಎದೆಗೆ ಸೀರೆಯ ಸೆರಗು ತಾಗಿದರೂ ಮುಳ್ಳು ಸವರಿದಂತಾಗುತ್ತಿತ್ತು. ಗಾಯ ಪೂರ್ತಿ ಮಾಗಿದ ಮೇಲೆ, ದಿನಕ್ಕೆ ಮೂರು ಸಲ ಐದೈದು ನಿಮಿಷ, ಮೊದಲ ವಾರ ಬರೀ ಹತ್ತಿಯಿಂದ ಸವರಿದೆ. ಅದು ಸಹಿಸಿದಮೇಲೆ ಅಮ್ಮನ ಹಳೇ ನೂಲಿನ ಸೀರೆಯ ಚೂರು. ಆಮೇಲೆ ಟವೆಲ್ಲು. ಚರ್ಮಕ್ಕೆ ಮತ್ತೆ ಮುಟ್ಟುವುದನ್ನು ಕಲಿಸಿದ ಹಾಗೆ. ಎರಡು ತಿಂಗಳಾದಮೇಲೆ ಒಂದು ದಿನ ಮಗಳು ಓಡಿಬಂದು ತಬ್ಬಿಕೊಂಡಳು, ನಾನು ಕೈ ಅಡ್ಡ ಹಿಡಿಯಲಿಲ್ಲ.

ರಾತ್ರಿ ಕೈಯನ್ನು ದಿಂಬಿನ ಮೇಲೆ ಎತ್ತರಕ್ಕಿಟ್ಟು, ಇನ್ನೊಂದು ಮಗ್ಗುಲಿಗೆ ಮಲಗಿ. ಬೆಂಗಳೂರಿಗೆ ಬಸ್ಸಿನಲ್ಲಿ ನಾಲ್ಕೈದು ತಾಸು ಕೂರುವಾಗ ಕಂಕುಳಡಿಗೆ ಒಂದು ಪುಟ್ಟ ದಿಂಬು ಇರಲಿ, ಕುಲುಕಾಟಕ್ಕೆ ಗಾಯದ ಜಾಗ ಉಜ್ಜುವುದಿಲ್ಲ.

ನೋವಿನ ಜೊತೆ ನಿದ್ದೆ ಕೆಡುವುದು, ಅಳು ಬರುವುದು, ಗಂಡನ ಕೈ ತಾಗಿದರೂ ಬೇಡ ಅನ್ನಿಸುವುದು ಇದ್ದದ್ದೇ. ಅವರಿಗೆ ಬಾಯಿಬಿಟ್ಟು ಹೇಳಿ, ಎಲ್ಲಿ ನೋಯುತ್ತದೆ, ಎಲ್ಲಿ ನೋಯುವುದಿಲ್ಲ ಅಂತ ಕೈ ಹಿಡಿದು ತೋರಿಸಿ. ವಾರಗಟ್ಟಲೆ ಮಂಕು ಕವಿದಿದ್ದರೆ ಅದನ್ನೂ ಡಾಕ್ಟರ ಮುಂದೆ ಹೇಳಿ, ಅದಕ್ಕೂ ಚಿಕಿತ್ಸೆಯಿದೆ.

ಎಲ್ಲಿ ಹೋಗುವುದು, ಏನು ಒಯ್ಯುವುದು

ಹಾಸನದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಹಿಮ್ಸ್ ಇದೆ, ಚಿಕ್ಕಮಗಳೂರಿನಲ್ಲಿ ಜಿಲ್ಲಾಸ್ಪತ್ರೆ ಇದೆ. ಮೊದಲು ಅಲ್ಲಿ ಸರ್ಜರಿ, ಫಿಜಿಯೋಥೆರಪಿ ವಿಭಾಗದವರನ್ನು ಕೇಳಿ. ಕೇಳುವಾಗ "ಕೈ ಊತ" ಅನ್ನುವುದರ ಜೊತೆ "ಲಿಂಫೆಡಿಮಾಗೆ ಬ್ಯಾಂಡೇಜ್ ಕಟ್ಟುವವರು ಇದ್ದಾರಾ" ಅಂತಲೇ ಕೇಳಿ. ಇಲ್ಲ ಅಂದರೆ ಆಪರೇಷನ್ ಆದ ಆಸ್ಪತ್ರೆಗೆ, ಅಥವಾ ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಊತದ ಚಿಕಿತ್ಸೆಯಲ್ಲಿ ಯಾವ ಭಾಗ ಅದರೊಳಗೆ ಬರುತ್ತದೆ ಅಂತ ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕಿರುವ ಆರೋಗ್ಯಮಿತ್ರರ ಹತ್ತಿರ ಮುಂಚೆಯೇ ವಿಚಾರಿಸಿ. ಸ್ಲೀವಿಗೆ ಕೈಯಿಂದಲೇ ಹಾಕಬೇಕಾಗಿ ಬರಬಹುದು, ಅದು ಅಗ್ಗದ್ದಲ್ಲ, ತಿಂಗಳು ತಿಂಗಳು ಸ್ವಲ್ಪ ಎತ್ತಿಡಿ.

ಹೋಗುವಾಗ ಅಳತೆಯ ನೋಟ್‌ಬುಕ್ಕು, ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಹಾಕುತ್ತಿರುವ ಸ್ಲೀವು ಜೊತೆಗಿರಲಿ. ಅವತ್ತು ತೋಳು ಸಡಿಲವಿರುವ, ಮುಂದೆ ಹುಕ್ಕಿನ ರವಿಕೆ ಹಾಕಿ. ಡಿಸ್ಚಾರ್ಜ್ ಚೀಟಿಯಲ್ಲಿ ಎಷ್ಟು ಗಂಟು ತೆಗೆದಿದ್ದಾರೆ ಅಂತ ಬರೆದಿರುತ್ತದೆ, ಹೊಸ ಡಾಕ್ಟರು ಮೊದಲು ಕೇಳುವುದೇ ಅದನ್ನು. ಪ್ಲಾಸ್ಟಿಕ್ ಕವರಿನಲ್ಲಿಟ್ಟರೂ ನಮ್ಮ ಮಳೆಗೆ ಶಾಯಿ ಹರಡುತ್ತದೆ. ಎರಡು ಜೆರಾಕ್ಸ್ ಮಾಡಿಸಿ, ಫೋನಿನಲ್ಲಿ ಫೋಟೋ ತೆಗೆದು, ಒಂದು ಪ್ರತಿಯನ್ನು ತವರಿನಲ್ಲೋ ಅಕ್ಕತಂಗಿಯರ ಮನೆಯಲ್ಲೋ ಕೊಟ್ಟಿಡಿ.